ಹಳೆಯ ಗಡಿಯಾರ, ಹೊಸ ಮುಳ್ಳು

2021ರ ನವೆಂಬರ್‌ನಲ್ಲಿ ಫಿಲಿಪ್ಸ್ ಸಂಸ್ಥೆ ಜಿನೀವಾದಲ್ಲಿ ನಡೆಸಿದ ಹರಾಜಿನಲ್ಲಿ ಒಂದು ಒಮೆಗಾ ಸ್ಪೀಡ್‌ಮಾಸ್ಟರ್ ಕೈಗಡಿಯಾರ 31 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ಅಂದಿನ ವಿನಿಮಯ ದರದಲ್ಲಿ ಅದು ಸುಮಾರು 25 ಕೋಟಿ ರೂಪಾಯಿ. 1957ರಲ್ಲಿ ಹೊರಬಂದ ಮೊಟ್ಟಮೊದಲ ಮಾದರಿ ಅದು. ಕಾಲದ ಹೊಡೆತಕ್ಕೆ ಅದರ ಕಪ್ಪು ಡಯಲ್ ಹದವಾದ ಕಂದುಬಣ್ಣಕ್ಕೆ ತಿರುಗಿತ್ತು. ಕೊಂಡದ್ದು ಬೇರೆ ಯಾರೂ ಅಲ್ಲ, ಸ್ವತಃ ಒಮೆಗಾ ಕಂಪನಿ, ತನ್ನ ವಸ್ತುಸಂಗ್ರಹಾಲಯಕ್ಕಾಗಿ. ಅದು ಹಲವು ಹಳೆಯ ಗಡಿಯಾರಗಳ ಭಾಗಗಳನ್ನು ಕೂಡಿಸಿ ಕಟ್ಟಿದ ವಸ್ತುವೆಂಬುದು 2023ರಲ್ಲಿ ಬಯಲಾಯಿತು. ತನ್ನದೇ ಮೂವರು ಮಾಜಿ ನೌಕರರು ಇದರಲ್ಲಿ ಶಾಮೀಲಾಗಿದ್ದರೆಂದು ಕಂಪನಿ ಹೇಳಿತು.

ಒಳಗಿನವರ ಕೈವಾಡ ಸೇರಿದಾಗ ತಯಾರಿಸಿದ ಕಂಪನಿಯೇ ಮೋಸಹೋಗುತ್ತದೆ ಎಂದಾದರೆ, ಅಂತರ್ಜಾಲದಲ್ಲಿ ನಾಲ್ಕು ಚಿತ್ರಗಳನ್ನು ನೋಡಿ ಲಕ್ಷಗಟ್ಟಲೆ ಹಣ ಕಳುಹಿಸುವ ಸಾಮಾನ್ಯ ಹವ್ಯಾಸಿಯ ಪಾಡೇನು? ಇಲ್ಲಿರುವ ತೊಡಕು ನಕಲಿ ಮಾಲಿನದಲ್ಲ. ಪ್ರತಿಯೊಂದು ಭಾಗವೂ ಅಸಲಿಯಾಗಿರಬಹುದು. ಆದರೆ ಅವು ಒಂದೇ ಗಡಿಯಾರದವಲ್ಲ. ಯಾರದೋ ತಲೆ, ಯಾರದೋ ಮುಂಡ.

ಇಂತಹ ಜೋಡಣೆಗೆ ಪ್ರೇರಣೆ ಬೆಲೆಯ ವಿಚಿತ್ರ ಲೆಕ್ಕಾಚಾರದಲ್ಲಿದೆ. ರೋಲೆಕ್ಸ್ ಡೇಟೋನಾದ ಹಳೆಯ ಮಾದರಿಗಳನ್ನು ನೋಡಿ. ಕವಚ ಅದೇ, ಒಳಗೆ ಓಡುವ ವಾಲ್‌ಝೂ 72 ಮೂಲದ ಯಂತ್ರವೂ ಅದೇ. ಆದರೆ ‘ಪಾಲ್ ನ್ಯೂಮನ್’ ಎಂದು ಹೆಸರಾದ ಡಯಲ್ ಇದ್ದರೆ ಬೆಲೆ ಹಲವು ಪಟ್ಟು ಏರುತ್ತದೆ. ಆ ನಟನ ಸ್ವಂತ ಡೇಟೋನಾ 2017ರಲ್ಲಿ 1 ಕೋಟಿ 77 ಲಕ್ಷ ಡಾಲರಿಗೆ ಹೋದದ್ದು ಈ ಹುಚ್ಚಿಗೆ ತುಪ್ಪ ಸುರಿಯಿತು. ಅಂಗೈಯಗಲವೂ ಇಲ್ಲದ ಒಂದು ತಗಡಿನ ತಟ್ಟೆಗೆ ಇಷ್ಟು ಮೌಲ್ಯವಿರುವಾಗ, ಅದನ್ನು ಸಾದಾ ಗಡಿಯಾರಕ್ಕೆ ಕೂರಿಸುವ ಕೈಗಳು ಹುಟ್ಟಿಕೊಳ್ಳದಿದ್ದರೆ ಆಶ್ಚರ್ಯ. ಮೂಲ ಡಯಲಿನ ಚಿಕ್ಕ ವೃತ್ತಗಳಲ್ಲಿ ಗೆರೆಗಳ ತುದಿಗೆ ಪುಟ್ಟ ಚೌಕಗಳಿರುತ್ತವೆ. ಸೆಕೆಂಡಿನ ವೃತ್ತದಲ್ಲಿ 20, 40, 60ರ ಬದಲು 15, 30, 45, 60 ಎಂದಿರುತ್ತದೆ. ಇದು ಮಾರುವವನಿಗೂ ಗೊತ್ತಿರುವ ಸಂಗತಿಯೇ.

ಹಾಗಾಗಿ ನಂಬಬೇಕಾದದ್ದು ಸುಲಭವಾಗಿ ಬರೆಯಲಾಗದ ಗುರುತುಗಳನ್ನು. ಅವುಗಳಲ್ಲಿ ನನಗೆ ಅತ್ಯಂತ ಕುತೂಹಲಕರವಾಗಿ ಕಂಡದ್ದು ಕತ್ತಲೆಯಲ್ಲಿ ಹೊಳೆಯುವ ಲೇಪ. 1960ರ ದಶಕದ ಆರಂಭದವರೆಗೆ ಇದರಲ್ಲಿ ರೇಡಿಯಂ ಬಳಕೆಯಾಗುತ್ತಿತ್ತು. ಆಮೇಲೆ ಟ್ರಿಟಿಯಂ ಬಂತು. ಟ್ರಿಟಿಯಂನ ಅರ್ಧಾಯುಷ್ಯ ಸುಮಾರು 12 ವರ್ಷ. ಅರವತ್ತು ವರ್ಷಗಳಲ್ಲಿ ಅದರ ವಿಕಿರಣ ಮೂವತ್ತೆರಡರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಹೊಳೆಯುವ ರಾಸಾಯನಿಕವೂ ಸವೆದಿರುತ್ತದೆ. ಹೀಗಿರುವಾಗ 1965ರ ಗಡಿಯಾರವೊಂದು ದೀಪ ಆರಿಸಿದ ಮೇಲೂ ಗಂಟೆಗಟ್ಟಲೆ ಹಸಿರಾಗಿ ಬೆಳಗಿದರೆ ಅದು 1990ರ ದಶಕದ ನಂತರ ಬಂದ ಲೇಪವಲ್ಲದೆ ಮತ್ತೇನು? ಡಯಲಿನ ಚುಕ್ಕೆಗಳು ಜೇನಿನ ಬಣ್ಣಕ್ಕೆ ತಿರುಗಿದ್ದು ಮುಳ್ಳುಗಳು ಮಾತ್ರ ಸುಣ್ಣದಂತೆ ಬೆಳ್ಳಗಿದ್ದರೆ, ಅವೆರಡೂ ಒಟ್ಟಿಗೆ ಮುದಿಯಾದವಲ್ಲ.

ಸ್ಪೀಡ್‌ಮಾಸ್ಟರಿನ ಬೆಜೆಲ್ ಇನ್ನೊಂದು ಜಾಗ. ವೇಗ ಸೂಚಿಸುವ ಆ ಕಪ್ಪು ಉಂಗುರದಲ್ಲಿ 1970ರ ಸುಮಾರಿನವರೆಗೆ 90ರ ಗುರುತಿನ ಚುಕ್ಕೆ ಅಂಕಿಯ ಮೇಲೆಯೇ ಇರುತ್ತಿತ್ತು, ಆನಂತರ ಪಕ್ಕಕ್ಕೆ ಸರಿಯಿತು. ಈ ಒಂದು ಚುಕ್ಕೆಗೆ ಪ್ರತ್ಯೇಕ ಮಾರುಕಟ್ಟೆಯೇ ಇದೆ! ಒಳಗಿನ ಯಂತ್ರವೂ ಸುಳ್ಳನ್ನು ಬಯಲಿಗೆಳೆಯುತ್ತದೆ. 1968ರಲ್ಲಿ 321 ಎಂಬ ಯಂತ್ರದ ಜಾಗಕ್ಕೆ 861 ಬಂದಿತು. ಮೊದಲನೆಯದು ಸೆಕೆಂಡಿಗೆ ಐದು ಬಾರಿ ಮಿಡಿಯುತ್ತದೆ, ಎರಡನೆಯದು ಆರು ಬಾರಿ. ಅದರ ಮೇಲಿನ ಕ್ರಮಸಂಖ್ಯೆಯೂ ಹಿಂಬದಿ ಮುಚ್ಚಳದ ಒಳಗೆ ಕೊರೆದ ಮಾದರಿ ಸಂಖ್ಯೆಯೂ ಒಂದೇ ಕಾಲವನ್ನು ಹೇಳಬೇಕು.

ಆದರೂ ಬದಲಾದ ಭಾಗವೆಲ್ಲ ವಂಚನೆಯಲ್ಲ. ಇವು ದುಡಿಯುವುದಕ್ಕೆಂದು ಮಾಡಿದ ಸಲಕರಣೆಗಳು. ದುರಸ್ತಿಗೆ ಹೋದಾಗ ಕಂಪನಿಯವರೇ ಸವೆದ ಮುಳ್ಳು, ಮಾಸಿದ ಡಯಲ್ ತೆಗೆದು ಹೊಸದನ್ನು ಹಾಕಿ ಕೊಡುತ್ತಿದ್ದರು, ಒಡೆಯನೂ ಸಂತೋಷದಿಂದ ಒಯ್ಯುತ್ತಿದ್ದ. ಹಳೆಯ ಮಾಸಲು ಒಂದು ದಿನ ಹೊಸತಿಗಿಂತ ದುಬಾರಿಯಾದೀತೆಂದು ಆಗ ಯಾರಿಗೆ ಗೊತ್ತಿತ್ತು? ಅಪರಾಧವಿರುವುದು ಬದಲಾವಣೆಯಲ್ಲಲ್ಲ, ಅದನ್ನು ಮುಚ್ಚಿಟ್ಟು ಮೂಲದ ಬೆಲೆ ಕೇಳುವುದರಲ್ಲಿ.

ಈ ಗೋಳು ನಮಗೂ ಹೊಸದಲ್ಲ. ಬೆಂಗಳೂರಿನಲ್ಲಿ 1961ರಲ್ಲಿ ಸಿಟಿಜನ್ ಸಹಯೋಗದಿಂದ ಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿಯ ಮಾದರಿಗಳಿಗೂ ಕಂಪನಿ ಎಂದೂ ಬಳಸದ ಬಣ್ಣಗಳ ಡಯಲ್ ಬಳಿದು ಅಂತರ್ಜಾಲದಲ್ಲಿ ಮಾರುವವರಿದ್ದಾರೆ. ಅಲ್ಲಿ ಕಳೆದುಕೊಳ್ಳುವುದು ಕೆಲವು ಸಾವಿರ, ಇಲ್ಲಿ ನಿವೃತ್ತಿಯ ಗಂಟೇ ಹೋದೀತು.

ಚಿತ್ರಗಳಲ್ಲಿ ಡಯಲ್ ಮಾತ್ರ ಮಿನುಗುತ್ತಿದ್ದರೆ ಒಳಭಾಗದ ಚಿತ್ರ ಕೇಳಬೇಕು. ‘ಮುಚ್ಚಳ ತೆಗೆಯುವ ಉಪಕರಣ ನಮ್ಮಲ್ಲಿಲ್ಲ’ ಎಂಬ ಉತ್ತರ ಆಗಾಗ ಬರುತ್ತದೆ. ಹತ್ತು ಲಕ್ಷ ಬೆಲೆ ಹೇಳುವ ಮನುಷ್ಯನಿಗೆ ಬೀದಿಯ ಮೂಲೆಯ ಗಡಿಯಾರ ರಿಪೇರಿಯವನ ಬಳಿಗೆ ಹೋಗಿ ಅದನ್ನು ತೆಗೆಸಲು ಹತ್ತು ನಿಮಿಷ ಸಾಕು.