ಕಾಳು ಹಾಕುವ ಕೈ ತಟ್ಟೆಯನ್ನೂ ತೊಳೆಯಲಿ

ಬೆಂಗಳೂರಿನ ಆರ್.ಟಿ. ನಗರದ ಗೆಳೆಯರೊಬ್ಬರ ತಾರಸಿಯಲ್ಲಿ ಕಂಡ ಆ ಪಾರಿವಾಳ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಜೋಳದ ಕಾಳಿಗೆ ಗುರಿಯಿಟ್ಟರೆ ಕೊಕ್ಕು ಎರಡು ಬೆರಳು ಆಚೆ ಬೀಳುತ್ತಿತ್ತು. ಮತ್ತೆ ಬಗ್ಗಿದರೆ ಕತ್ತು ತಾನಾಗಿ ತಿರುಚಿಕೊಂಡು ನೆತ್ತಿ ನೆಲಕ್ಕೆ, ಕೊಕ್ಕು ಆಕಾಶಕ್ಕೆ! "ಬಿಸಿಲು ಬಡಿದಿರಬೇಕು ಸಾರ್, ಪಾಪ" ಎನ್ನುತ್ತಾ ಮನೆಯಾಕೆ ಇನ್ನೊಂದು ಹಿಡಿ ಕಾಳು ಎರಚಿದರು.

ಪಾಪವೇನೋ ಹೌದು, ಆದರೆ ಬಿಸಿಲಿನ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ತಲೆಗೆ ಪೆಟ್ಟು ಬಿದ್ದರೂ, ಸಾಲ್ಮೊನೆಲ್ಲಾ ತಗುಲಿದರೂ ಕತ್ತು ಹೀಗಾಗಬಹುದು. ಪಾರಿವಾಳದಲ್ಲಿ ಮೊದಲು ಅನುಮಾನಿಸಬೇಕಾದದ್ದು ಪ್ಯಾರಾಮಿಕ್ಸೊ ವೈರಸ್. ಕೋಳಿ ಸಾಕುವವರು ಕೊಕ್ಕರೆ ರೋಗ ಎನ್ನುವ ರಾಣಿಖೇತದ ವೈರಸ್ಸಿನದೇ ಒಂದು ಬಗೆ ಇದು. ನರಮಂಡಲಕ್ಕೆ ಹೊಕ್ಕು ಕಾಡುತ್ತದೆ. ಸಾಕಿದವರ ಮನೆಯಲ್ಲಾದರೆ ಆಳವಾದ ಬಟ್ಟಲಲ್ಲಿ ಕಾಳಿಟ್ಟು ಕೆಲವನ್ನು ಉಳಿಸಿಕೊಳ್ಳುತ್ತಾರೆ, ಬೀದಿಯ ಹಕ್ಕಿಗೆ ಆ ಭಾಗ್ಯವೆಲ್ಲಿ? ರಾಣಿಖೇತಕ್ಕೆ ಲಸಿಕೆ ತಯಾರಾಗುವುದು ಅಲ್ಲೇ ಪಕ್ಕದ ಹೆಬ್ಬಾಳದಲ್ಲಿ. ಕೋಳಿಗೆ ಹಾಕಿಸಬಹುದು, ಹಾರಾಡುವ ಪಾರಿವಾಳವನ್ನು ಹಿಡಿದು ಸೂಜಿ ಚುಚ್ಚುವವರು ಯಾರು?

ಈ ವೈರಸ್ಸಿನ ಓಡಾಟವೇ ಒಂದು ಕತೆ. 1970ರ ದಶಕದ ಕೊನೆಯಲ್ಲಿ ಮಧ್ಯಪ್ರಾಚ್ಯದಲ್ಲಿ ಕಾಣಿಸಿಕೊಂಡು, ಪಂದ್ಯದ ಪಾರಿವಾಳಗಳ ಜತೆ ಯುರೋಪು ಸೇರಿತು. 1984ರಲ್ಲಿ ಬ್ರಿಟನ್ನಿನ ಕೋಳಿಫಾರಂಗಳಲ್ಲಿ ರೋಗ ಎದ್ದಾಗ ಜಾಡು ಹಿಡಿದು ಹೋದವರು ತಲುಪಿದ್ದು ಲಿವರ್‌ಪೂಲ್ ಬಂದರಿನ ಗೋದಾಮಿಗೆ. ಅಲ್ಲಿ ರಾಶಿ ಹಾಕಿದ್ದ ಮೇವಿನ ಮೇಲೆ ಸೋಂಕಿತ ಪಾರಿವಾಳಗಳು ಹಿಕ್ಕೆ ಹಾಕಿದ್ದವು. ಅದೇ ಮೇವು ಫಾರಂಗಳಿಗೆ ಹೋಗಿತ್ತು! ಗೆಳೆಯರ ತಾರಸಿಯ ಮಣ್ಣಿನ ತಟ್ಟೆಯಲ್ಲಿ ಕಂಡದ್ದೂ ಅದೇ: ಕಾಳಿನಷ್ಟೇ ಹಿಕ್ಕೆ, ಪಕ್ಕದಲ್ಲಿ ಪಾಚಿಗಟ್ಟಿದ ನೀರು.

ಉಳಿದ ರೋಗಗಳಿಗೂ ಕಣ್ಣಿರಲಿ. ಮೈನಾ, ಗುಬ್ಬಚ್ಚಿಗಳ ಕಣ್ಣಂಚಿನಲ್ಲಿ, ಕಾಲಲ್ಲಿ ಗಂಟು ಎದ್ದರೆ ಸಿಡುಬಿರಬಹುದು. ಸೊಳ್ಳೆಯೂ ಅದನ್ನು ಹರಡುತ್ತದೆ. ನಡುಹಗಲಲ್ಲಿ ಗರಿ ಕೆದರಿ ಮುದುಡಿ ಕೂತ ಹಕ್ಕಿ, ಹತ್ತಿರ ಹೋದರೂ ಹಾರದಿದ್ದರೆ "ಎಷ್ಟು ಸಾಧು" ಎಂದು ಮುದ್ದಿಸಬೇಡಿ. ಬರಿಗೈಯಲ್ಲಿ ಮುಟ್ಟುವುದಂತೂ ಬೇಡ. ಹಕ್ಕಿಜ್ವರ ಬೆಂಗಳೂರಿನ ಉತ್ತರ ಭಾಗಕ್ಕೆ ಹೊಸದೇನಲ್ಲ: 2012ರಲ್ಲಿ ಹೆಸರಘಟ್ಟದ ಟರ್ಕಿ ಕೋಳಿಗಳಲ್ಲಿ, 2018ರ ಜನವರಿಯಲ್ಲಿ ದಾಸರಹಳ್ಳಿಯ ಕೋಳಿ ಅಂಗಡಿಯಲ್ಲಿ ಪತ್ತೆಯಾಗಿತ್ತು. ಒಂದೇ ಕಡೆ ನಾಲ್ಕಾರು ಹಕ್ಕಿ ಸತ್ತು ಬಿದ್ದರೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ.

ಕಾಳು ಹಾಕುವುದೇ ಪುಣ್ಯ ಎಂಬ ನಂಬಿಕೆಗೆ ನನ್ನ ತಕರಾರಿಲ್ಲ, ರಾಶಿ ಸುರಿಯುವುದಕ್ಕಿದೆ. ಸಂಜೆಯೊಳಗೆ ಮುಗಿಯುವಷ್ಟು ಹಾಕಿ, ನೀರು ದಿನವೂ ಬದಲಿಸಿ. ವಾರಕ್ಕೊಮ್ಮೆ ತಟ್ಟೆ ಉಜ್ಜಿ, ಒಂದು ಪಾಲು ಬ್ಲೀಚ್ ದ್ರವಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ತೊಳೆದು ಬಿಸಿಲಿಗಿಡಿ. ಕಾಯಿಲೆ ಹಕ್ಕಿ ಕಂಡರೆ ಎರಡು ವಾರ ಕಾಳೂ ಬೇಡ, ನೀರಿನ ತಟ್ಟೆಯೂ ಬೇಡ. ಹಕ್ಕಿಗಳು ಉಪವಾಸ ಬೀಳುವುದಿಲ್ಲ, ಬೇರೆಡೆ ಹುಡುಕಿಕೊಳ್ಳುತ್ತವೆ.