ವಿಮಾನಚಾಲಕರ ಶಿಕ್ಷಣವೂ ಪರವಾನಗಿಯೂ

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಹೆಸರನ್ನು ಕೇಳಿದೊಡನೆ ಭದ್ರಾನದಿಯ ಕಟ್ಟೆಯೂ ಅದರ ಹಿನ್ನೀರನ್ನು ಸುತ್ತಿದ ಕಾಡೂ ನೆನಪಿಗೆ ಬರುವುದು ವಾಡಿಕೆ. ಆ ಊರಿನ ಸಂಬಂಧವಾಗಿ ವಿಮಾನದ ಮಾತನ್ನು ಆಡಿದವರು ಅಪರೂಪ. ಆದರೆ 2023ನೆಯ ಇಸವಿ ಫೆಬ್ರವರಿ 27ನೆಯ ತಾರೀಖು ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ ಕುವೆಂಪು ಅವರ ಹೆಸರನ್ನು ಹೊತ್ತ ವಿಮಾನನಿಲ್ದಾಣದ ಪ್ರಾರಂಭೋತ್ಸವವಾಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಹೊರಟ ಪ್ರಯಾಣಿಕರ ವಿಮಾನವು ಅಲ್ಲಿ ಬಂದಿಳಿಯಿತು. ಲಕ್ಕವಳ್ಳಿಗೂ ಸೋಗಾನೆಗೂ ಹಕ್ಕಿ ಹಾರುವ ಹಾದಿಯಲ್ಲಿ ಹೆಚ್ಚು ದೂರವಿಲ್ಲ. ಅಡಿಕೆಯ ತೋಟದಲ್ಲಿ ನಿಂತು ತಲೆಯೆತ್ತಿ ನೋಡುವ ಹುಡುಗನಿಗೋ ಹುಡುಗಿಗೋ "ಇದನ್ನು ನಾನೂ ನಡೆಸಬಹುದೆ?" ಎಂಬ ಪ್ರಶ್ನೆ ಹುಟ್ಟಿದರೆ ಆಶ್ಚರ್ಯಪಡಬೇಕಾದುದಿಲ್ಲ. ಆ ಪ್ರಶ್ನೆಯನ್ನು ಹೊತ್ತುಕೊಂಡು ತಂದೆತಾಯಿಗಳು ಪಟ್ಟಣದಲ್ಲಿರುವ ನೆಂಟರ ಬಳಿಗೆ, ಎಂದರೆ ನಿಮ್ಮ ಬಳಿಗೇ, ಬರುತ್ತಾರೆ. ತೋಟವನ್ನು ಅಡವಿಡುವ ಮಾತು ಅದರ ಬೆನ್ನಹಿಂದೆಯೇ ಬರುತ್ತದೆ. ಆದಕಾರಣ ಈ ವಿದ್ಯೆಯ ಕ್ರಮವೇನು, ಅದಕ್ಕೆ ಸರ್ಕಾರದ ಕಟ್ಟುಪಾಡುಗಳೇನು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ನಮ್ಮ ದೇಶದಲ್ಲಿ ಕೊಡಲ್ಪಟ್ಟ ಮೊದಲನೆಯ ಚಾಲಕಪತ್ರವು ಜೆ. ಆರ್. ಡಿ. ಟಾಟಾ ಅವರಿಗೆ ದೊರೆತದ್ದು 1929ನೆಯ ಇಸವಿ ಫೆಬ್ರವರಿ 10ರಂದು. ಮೂರು ವರ್ಷಗಳ ತರುವಾಯ, 1932ರ ಅಕ್ಟೋಬರಿನಲ್ಲಿ, ಅವರು ಕರಾಚಿಯಿಂದ ಮುಂಬಯಿಗೆ ಅಂಚೆಯನ್ನು ಹಾರಿಸಿ ತಂದರು. ಅಲ್ಲಿಂದ ಮುಂದಕ್ಕೆ ಅದನ್ನು ಮದರಾಸಿಗೆ ಒಯ್ದ ವಿನ್ಸೆಂಟ್ ಎಂಬವರು ನಡುವೆ ನಮ್ಮ ಬಳ್ಳಾರಿಯಲ್ಲಿ ಇಳಿದಿದ್ದರು. ಮೈಸೂರು ಸರ್ಕಾರವು ಪಾಲುದಾರನಾಗಿದ್ದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು ಬೆಂಗಳೂರಿನಲ್ಲಿ ಆರಂಭವಾದದ್ದು 1940ರ ಡಿಸೆಂಬರಿನಲ್ಲಿ. ಆ ದಶಕದ ಕೊನೆಯ ಭಾಗದಲ್ಲಿ ಜಕ್ಕೂರಿನ ಸರ್ಕಾರಿ ವಿಮಾನಚಾಲನಾ ಶಾಲೆಯೂ ಹುಟ್ಟಿತು. ಊರು ಬೆಳೆದು, ಬಳ್ಳಾರಿ ರಸ್ತೆಯ ಮೇಲುಸೇತುವೆ ಎದ್ದ ಮೇಲೆ ಜಕ್ಕೂರಿನ ಓಟದ ಹಾದಿಯಲ್ಲಿ ಬಳಕೆಗೆ ಬರುವ ಉದ್ದವು ಕುಗ್ಗಿತು. ಕಟ್ಟಡಗಳ ನಡುವೆ ಸಿಕ್ಕಿಕೊಂಡ ಆ ಬಯಲನ್ನು ನೋಡಿದರೆ, ಹಾರುವ ವಿದ್ಯೆಗೂ ನೆಲದ ಹಂಗು ಎಷ್ಟಿದೆಯೆಂಬುದು ತಿಳಿಯುತ್ತದೆ. ಈಚೆಗೆ ಕಲಬುರಗಿ, ಬೆಳಗಾವಿಗಳಲ್ಲಿ ಖಾಸಗಿ ಶಾಲೆಗಳು ತಲೆಯೆತ್ತಿರುವುದಕ್ಕೆ ಅಲ್ಲಿಯ ತೆರೆದ ಆಕಾಶವೂ ಒಂದು ಕಾರಣವಿರಬೇಕು.

ಇನ್ನು ಪರವಾನಗಿಯ ವಿಷಯ. ಇದನ್ನು ಕೊಡತಕ್ಕದ್ದು ಶಾಲೆಯಲ್ಲ. ದೆಹಲಿಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಶಾಲೆಯವರು ಕಲಿಸಬಹುದು, ಶಿಫಾರಸು ಮಾಡಬಹುದು, ಅಷ್ಟೇ. "ನಮ್ಮಲ್ಲಿ ಸೇರಿದರೆ ಪರವಾನಗಿ ಖಂಡಿತ" ಎಂದು ಜಾಹೀರಾತು ಹಾಕುವವರ ಮಾತನ್ನು ಈ ಒಂದು ಅಂಶವನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೇಳಬೇಕು. ಕಟ್ಟುಪಾಡುಗಳ ಮೂಲವಿರುವುದು 1937ನೆಯ ಇಸವಿಯ ವಿಮಾನ ನಿಯಮಗಳಲ್ಲಿ. ಕಾಲಕಾಲಕ್ಕೆ ಅವು ತಿದ್ದುಪಡಿ ಹೊಂದುತ್ತ ಬಂದಿವೆ.

ಪರವಾನಗಿಯಲ್ಲಿ ಮೆಟ್ಟಿಲುಗಳುಂಟು. ಹದಿನಾರು ವರ್ಷ ತುಂಬಿ ಹತ್ತನೆಯ ತರಗತಿಯನ್ನು ಮುಗಿಸಿದವರು ವಿದ್ಯಾರ್ಥಿ ಪರವಾನಗಿಯನ್ನು ಪಡೆಯಬಹುದು. ಹದಿನೇಳಕ್ಕೆ ಖಾಸಗಿ ಚಾಲಕನ ಪರವಾನಗಿ. ಇದಕ್ಕೆ 40 ಗಂಟೆಗಳ ಹಾರಾಟವಾಗಿರಬೇಕು, ಅದರಲ್ಲಿ 20 ಗಂಟೆಗಳಾದರೂ ಗುರುವಿಲ್ಲದೆ ಒಬ್ಬನೇ ಹಾರಿರಬೇಕು. ಈ ಪತ್ರವಿದ್ದವನು ತನ್ನ ಸಂತೋಷಕ್ಕಾಗಿ ಹಾರಬಹುದಲ್ಲದೆ ಕೂಲಿಗಾಗಿ ಹಾರಕೂಡದು. ಹೊಟ್ಟೆಪಾಡಿಗೆ ಬೇಕಾದದ್ದು ವಾಣಿಜ್ಯ ಚಾಲಕನ ಪರವಾನಗಿ. ಅದಕ್ಕೆ ಹದಿನೆಂಟು ವರ್ಷ ತುಂಬಿರಬೇಕು. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ಗಣಿತಗಳನ್ನು ಓದಿ ತೇರ್ಗಡೆಯಾಗಿರಬೇಕೆಂಬುದು ಬಹುಕಾಲದಿಂದ ನಡೆದುಬಂದ ನಿಯಮ. ಇವೆರಡರ ಕಡ್ಡಾಯವನ್ನು ತೆಗೆದುಹಾಕಬೇಕೆಂಬ ಸೂಚನೆ 2025ರಲ್ಲಿ ಹೊರಟಿತು. ಆದ್ದರಿಂದ ಅರ್ಜಿ ಹಾಕುವವರು ಅಂದಂದಿನ ಪ್ರಕಟಣೆಯನ್ನು ತಾವೇ ನೋಡಿಕೊಳ್ಳುವುದು ಒಳ್ಳೆಯದು. ನಿಯಮ ಸಡಿಲವಾದರೂ ಗಣಿತದ ಅವಶ್ಯಕತೆ ತಪ್ಪುವುದಿಲ್ಲ. ಅದೇಕೆಂಬುದನ್ನು ಮುಂದೆ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ದೇಹಪರೀಕ್ಷೆ. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವುಂಟು. ಅನೇಕರು ಶಾಲೆಯ ಮೊದಲನೆಯ ಕಂತನ್ನು ಕಟ್ಟಿ, ಹಾಸಿಗೆ ಪೆಟ್ಟಿಗೆಗಳನ್ನು ಸಾಗಿಸಿ, ಆಮೇಲೆ ವೈದ್ಯರ ಮುಂದೆ ನಿಲ್ಲುತ್ತಾರೆ. ವಾಣಿಜ್ಯ ಚಾಲಕನಿಗೆ ಮೊದಲನೆಯ ದರ್ಜೆಯ ವೈದ್ಯಕೀಯ ಯೋಗ್ಯತಾಪತ್ರ ಬೇಕು. ಕಣ್ಣು, ಕಿವಿ, ಹೃದಯ, ರಕ್ತದೊತ್ತಡ ಎಲ್ಲವನ್ನೂ ನೋಡುತ್ತಾರೆ. ಕನ್ನಡಕ ಹಾಕಿದವರು ಹಾರಲಾರರೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಅದು ಸರಿಯಲ್ಲ. ಕನ್ನಡಕದ ಸಹಾಯದಿಂದ ದೃಷ್ಟಿಯು ಗೊತ್ತಾದ ಮಟ್ಟಕ್ಕೆ ಬಂದರೆ ಅಡ್ಡಿಯಿಲ್ಲ. ಆದರೆ ಕೆಂಪು ಹಸಿರುಗಳ ಭೇದ ತಿಳಿಯದವರ ಸ್ಥಿತಿ ಬೇರೆ. ತನಗೆ ಆ ಭೇದ ತಿಳಿಯದೆಂಬುದು ಮನುಷ್ಯನಿಗೆ ಹದಿನೆಂಟು ವರ್ಷಗಳವರೆಗೂ ಗೊತ್ತಾಗದೆ ಇರುವುದುಂಟು. ಏಕೆಂದರೆ ಮಾಗಿದ ಹಣ್ಣನ್ನು ಮೃದುತ್ವದಿಂದಲೂ, ರಸ್ತೆಯ ದೀಪವನ್ನು ಅದರ ಸ್ಥಾನದಿಂದಲೂ ಗುರುತಿಸಿಕೊಂಡು ಆತನು ಬದುಕಿರುತ್ತಾನೆ. ತೋಟವನ್ನು ಅಡವಿಟ್ಟ ಮೇಲೆ ಇದು ತಿಳಿಯುವುದಕ್ಕಿಂತ ಮೊದಲೇ ತಿಳಿಯುವುದು ಮೇಲಲ್ಲವೆ? 1957ರಲ್ಲಿ ಸ್ಥಾಪಿತವಾದ, ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯು ಈ ಪರೀಕ್ಷೆ ನಡೆಯುವ ಸ್ಥಳಗಳಲ್ಲಿ ಒಂದಾಗಿರುವುದು ನಮ್ಮವರಿಗೆ ಅನುಕೂಲ. ಒಮ್ಮೆ ತೇರ್ಗಡೆಯಾದರೆ ಮುಗಿಯಿತೆಂದು ತಿಳಿಯಬಾರದು. ಯೌವನದಲ್ಲಿಯೂ ವರ್ಷಕ್ಕೊಮ್ಮೆ ಈ ಪರೀಕ್ಷೆಗೆ ನಿಲ್ಲಬೇಕು.

ಬಳಿಕ ಪುಸ್ತಕದ ವಿದ್ಯೆ. ದಿಕ್ಕುದಾರಿಯ ಗಣಿತ, ಹವಾಶಾಸ್ತ್ರ, ವಾಯುಸಂಚಾರದ ಕಾನೂನು, ವಿಮಾನದ ಯಂತ್ರರಚನೆ ಇವುಗಳಲ್ಲಿ ನೂರಕ್ಕೆ ಎಪ್ಪತ್ತರಂತೆ ಅಂಕಗಳು ಬರಬೇಕು. ರೇಡಿಯೋ ಮೂಲಕ ಮಾತನಾಡುವ ಅಧಿಕಾರಕ್ಕೆ ಬೇರೆಯೇ ಪರೀಕ್ಷೆಯುಂಟು. ಕನ್ನಡದಲ್ಲಿ ಓದಿದ ಹಳ್ಳಿಯ ಮಕ್ಕಳು ಅಂಜುವುದು ಇಲ್ಲಿಯೇ. ವಾಯುಸಂಚಾರದ ಇಂಗ್ಲಿಷಿನಲ್ಲಿ ಅಂತರರಾಷ್ಟ್ರೀಯ ಅಳತೆಯ ನಾಲ್ಕನೆಯ ಮಟ್ಟವಾದರೂ ಬೇಕೆಂಬುದು ನಿಜ. ಆದರೆ ಅದು ಕವಿಗಳ ಇಂಗ್ಲಿಷಲ್ಲ, ಸ್ಪಷ್ಟವಾಗಿ ಕೇಳಿ ಸ್ಪಷ್ಟವಾಗಿ ಮರುನುಡಿಯುವ ಇಂಗ್ಲಿಷು. ನಿಲ್ದಾಣದವರು ಹೇಳಿದ ಎತ್ತರವನ್ನೂ ದಿಕ್ಕನ್ನೂ ಚಾಲಕನು ತಿರುಗಿ ಹೇಳಲೇಬೇಕು. ಸುಮ್ಮನೆ "ಹೂಂ" ಎಂದರೆ ಸಾಲದು.

ಗಣಿತ ಏಕೆ ಬೇಕೆಂದರೆ, ಒಂದು ಉದಾಹರಣೆಯನ್ನು ನೋಡಿ. ಜಕ್ಕೂರಿನಿಂದ ಸೋಗಾನೆಗೆ ಸುಮಾರು 125 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಯೆಂದರೆ 1.852 ಕಿಲೋಮೀಟರು. ಗಂಟೆಗೆ ನೂರು ಮೈಲಿ ಹೋಗುವ ಚಿಕ್ಕ ವಿಮಾನಕ್ಕೆ ಇದು ಒಂದೂಕಾಲು ಗಂಟೆಯ ಹಾದಿ. ಉತ್ತರದಿಂದ ಗಂಟೆಗೆ ಇಪ್ಪತ್ತು ಮೈಲಿಯ ಗಾಳಿ ಬೀಸುತ್ತಿದೆಯೆನ್ನಿ. ವಿಮಾನವು ನೀರಿನಲ್ಲಿಯ ದೋಣಿಯಂತೆ ಗಾಳಿಯ ಒಡನೆ ಸಾಗತಕ್ಕದ್ದು. ಮೂತಿಯನ್ನು ನೇರವಾಗಿ ಸೋಗಾನೆಗೆ ತಿರುಗಿಸಿ ನಿಶ್ಚಿಂತನಾಗಿ ಕುಳಿತ ಶಿಷ್ಯನು ಒಂದೂಕಾಲು ಗಂಟೆಯ ಕೊನೆಗೆ ಇಪ್ಪತ್ತೈದು ನಾಟಿಕಲ್ ಮೈಲಿ, ಎಂದರೆ ನಲವತ್ತಾರು ಕಿಲೋಮೀಟರು, ದಕ್ಷಿಣಕ್ಕೆ ಸರಿದಿರುತ್ತಾನೆ. ಭದ್ರೆಯ ಹಿನ್ನೀರು ಕಾಣಬೇಕಾದ ಹೊತ್ತಿನಲ್ಲಿ ಬಾಬಾಬುಡನ್ ಗಿರಿಗಳ ಆಸುಪಾಸಿನ ಮೋಡ ಕಾಣುತ್ತದೆ. ಆ ಶ್ರೇಣಿಯ ಮುಳ್ಳಯ್ಯನಗಿರಿಯ ಎತ್ತರ ಆರು ಸಾವಿರದ ಮುನ್ನೂರು ಅಡಿಗೂ ಮಿಕ್ಕಿದೆ. ಮೂತಿಯನ್ನು ಮೊದಲೇ ಗಾಳಿಯ ಕಡೆಗೆ ಎಷ್ಟು ಡಿಗ್ರಿ ತಿರುಗಿಸಿಕೊಳ್ಳಬೇಕೆಂಬುದನ್ನು ತ್ರಿಕೋಣದ ಲೆಕ್ಕದಿಂದ ತಿಳಿಯಬೇಕು. ಮಲೆನಾಡಿನ ಮಳೆಗಾಲವನ್ನು ಬಲ್ಲವರಿಗೆ ಹವಾಶಾಸ್ತ್ರದ ಅಗತ್ಯವನ್ನು ಬೇರೆ ವಿವರಿಸಬೇಕಾಗಿಲ್ಲ.

ವಾಣಿಜ್ಯ ಪರವಾನಗಿಗೆ ಒಟ್ಟು 200 ಗಂಟೆಗಳ ಹಾರಾಟ ಬೇಕು. ಇದರಲ್ಲಿ ನೂರು ಗಂಟೆಗಳು ವಿಮಾನದ ಹೊಣೆಯೆಲ್ಲವನ್ನೂ ತಾನೇ ಹೊತ್ತು ಹಾರಿದವಾಗಿರಬೇಕು. ಇಪ್ಪತ್ತು ಗಂಟೆ ಊರಿಂದೂರಿಗೆ ಹೋದದ್ದು. ಹತ್ತು ಗಂಟೆ ಹೊರಗಿನ ನೋಟವನ್ನು ಬಿಟ್ಟು ಉಪಕರಣಗಳನ್ನೇ ನಂಬಿ ಹಾರಿದ್ದು. ಐದು ಗಂಟೆ ರಾತ್ರಿಯ ಹಾರಾಟ, ಅದರಲ್ಲಿ ಹತ್ತು ಸಲ ಏರಿ ಹತ್ತು ಸಲ ಇಳಿಯುವುದು. ದೂರದ ಹಾರಾಟಗಳಲ್ಲಿ ಒಂದು 300 ನಾಟಿಕಲ್ ಮೈಲಿಗೆ ಕಡಮೆಯಿರಬಾರದು. ನಡುವೆ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದು ನಿಲ್ಲಿಸಬೇಕು. ಮೇಲಿನ ಲೆಕ್ಕವನ್ನು ನೆನೆದರೆ, ಜಕ್ಕೂರಿನಿಂದ ಸೋಗಾನೆಗೆ ಹೋಗಿ ಹಿಂದಿರುಗಿದರೂ 250 ಆಗುತ್ತದಷ್ಟೆ.

ಗಂಟೆಗಳ ಈ ಲೆಕ್ಕವೇ ಹಣದ ಲೆಕ್ಕ. ಇಂದು ಈ ಶಿಕ್ಷಣಕ್ಕೆ ಅರ್ಧ ಕೋಟಿ ರೂಪಾಯಿಯ ಆಸುಪಾಸು ವೆಚ್ಚವಾಗುವುದುಂಟು. ವಿಮಾನ ಕೆಟ್ಟು ನಿಂತರೆ, ಗುರುಗಳ ಕೊರತೆಯಾದರೆ, ಮಳೆ ಹಿಡಿದರೆ ಗಂಟೆಗಳು ಮುಂದಕ್ಕೆ ಹೋಗುತ್ತವೆ. ವಸತಿ ಊಟಗಳ ಖರ್ಚು ಮಾತ್ರ ನಿಲ್ಲುವುದಿಲ್ಲ. ಆದುದರಿಂದ ಶಾಲೆಯನ್ನು ಆರಿಸುವಾಗ ಕಟ್ಟಡದ ಅಂದವನ್ನು ನೋಡದೆ, ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಗುರುಗಳೆಷ್ಟು, ಶಿಷ್ಯರೆಷ್ಟು, ಕಳೆದ ವರ್ಷ ಸೇರಿದವರು ಈಗ ಎಷ್ಟು ಗಂಟೆ ಮುಗಿಸಿದ್ದಾರೆ ಎಂಬುದನ್ನು ಅಲ್ಲಿಯ ಶಿಷ್ಯರನ್ನೇ ಕೇಳಬೇಕು. ಹಣವನ್ನು ಒಟ್ಟಿಗೆ ಕಟ್ಟದೆ, ಹಾರಿದ ಹಾಗೆ ಕಂತುಕಂತಾಗಿ ಕಟ್ಟುವ ಏರ್ಪಾಡಿದ್ದರೆ ಅದೇ ಕ್ಷೇಮ. ಹೊರದೇಶದಲ್ಲಿ ಕಲಿತು ಬಂದವರೂ ಇಲ್ಲಿ ಪರೀಕ್ಷೆ ಕೊಟ್ಟು ಪತ್ರವನ್ನು ಮಾರ್ಪಡಿಸಿಕೊಳ್ಳಬೇಕೆಂಬುದನ್ನು ಮರೆಯಬಾರದು. ವಾಯುಪಡೆಗೆ ಆಯ್ಕೆಯಾದವರಿಗಾದರೋ ಸರ್ಕಾರವೇ ಕಲಿಸುತ್ತದೆ. ಆ ದಾರಿಯ ಕಷ್ಟಗಳು ಬೇರೆ.

ಹೆಣ್ಣುಮಕ್ಕಳ ವಿಷಯವಾಗಿ ಒಂದು ಮಾತು. ನಮ್ಮ ದೇಶದ ವಿಮಾನಚಾಲಕರಲ್ಲಿ ನೂರಕ್ಕೆ ಸುಮಾರು ಹದಿನೈದು ಮಂದಿ ಮಹಿಳೆಯರು. ಪ್ರಪಂಚದ ಸರಾಸರಿಯು ಇದರ ಅರ್ಧವನ್ನೂ ಮುಟ್ಟುವುದಿಲ್ಲ. 2021ನೆಯ ಇಸವಿ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಉತ್ತರಧ್ರುವದ ಮೇಲಿನ ಹಾದಿಯಾಗಿ ಬೆಂಗಳೂರಿಗೆ ಬಂದ ವಿಮಾನವನ್ನು ನಡೆಸಿದವರೆಲ್ಲರೂ ಮಹಿಳೆಯರೇ. ಮಗನಿಗಾದರೆ ಸಾಲ ಮಾಡುವ, ಮಗಳಿಗಾದರೆ ಯೋಚಿಸುವ ಮನೆಗಳಲ್ಲಿ ಈ ಅಂಕಿಗಳನ್ನು ತಿಳಿಸಬಹುದು.

ಪರವಾನಗಿ ಕೈಗೆ ಬಂದ ದಿನವೇ ಉದ್ಯೋಗ ದೊರೆಯುವುದೆಂದು ಎಣಿಸಬೇಕಾಗಿಲ್ಲ. ದೊಡ್ಡ ವಿಮಾನಗಳನ್ನು ನಡೆಸಲು ಉಪಕರಣ ಹಾರಾಟದ ಯೋಗ್ಯತೆ, ಎರಡು ಯಂತ್ರಗಳ ವಿಮಾನದ ಅಭ್ಯಾಸ, ಆಮೇಲೆ ಆಯಾ ಮಾದರಿಯ ವಿಮಾನಕ್ಕೆ ಪ್ರತ್ಯೇಕವಾದ ತರಬೇತಿ ಬೇಕು. ಇದರ ವೆಚ್ಚವೂ ಹಲವು ಲಕ್ಷ. ಮೊದಲಿನ ಅಂದಾಜಿನಲ್ಲಿಯೇ ಇದನ್ನು ಸೇರಿಸಿಕೊಳ್ಳದೆ ಹೋದ ಕುಟುಂಬಗಳು ಕೊನೆಯ ಮೆಟ್ಟಿಲಿನಲ್ಲಿ ನಿಂತುಬಿಡುತ್ತವೆ. ಎಲ್ಲವೂ ಆದ ಮೇಲೆ ಬಲಗಡೆಯ ಪೀಠದಲ್ಲಿ ಸಹಚಾಲಕನಾಗಿ ಕುಳಿತು ಗಂಟೆಗಳನ್ನು ಕೂಡಿಸುತ್ತ ಹೋಗಬೇಕು. ಇಪ್ಪತ್ತೊಂದು ವರ್ಷ ತುಂಬಿ, 1,500 ಗಂಟೆಗಳನ್ನು ಮುಗಿಸಿದವರು ಅತ್ಯುನ್ನತ ಪರವಾನಗಿಗೆ ಅರ್ಜಿ ಹಾಕಬಹುದು. ಎಡಗಡೆಯ ಪೀಠಕ್ಕೆ, ಎಂದರೆ ನಾಯಕನ ಸ್ಥಾನಕ್ಕೆ, ದಾರಿಯಿರುವುದು ಅದರ ಮೂಲಕ.