ದಾನಿಯೂ ಸೇವಕನೂ ಸಹಪಾಠಿಗಳು

ದಾನವು ಶ್ರೇಯಸ್ಕರವೆಂಬುದನ್ನು ನಮ್ಮ ಗೃಹಸ್ಥರಿಗೆ ಹೊಸದಾಗಿ ಬೋಧಿಸಬೇಕಾದ ಅಗತ್ಯವಿಲ್ಲ. ಬಾಗಿಲಿಗೆ ಬಂದವರನ್ನು ಬರಿಗೈಯಿಂದ ಕಳುಹಿಸಬಾರದೆಂಬ ಸಂಸ್ಕಾರವು ನಮ್ಮಲ್ಲಿ ಪರಂಪರಾಗತವಾದುದು. ಆದರೆ ಕೊಟ್ಟುದು ಫಲಿಸಿತೇ ಎಂಬ ವಿಚಾರವು ಕೊಡುವ ಉತ್ಸಾಹದಷ್ಟು ಬಲವಾಗಿ ಬೆಳೆದಿಲ್ಲ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ದಾನವನ್ನು ಮೂರು ಬಗೆಯಾಗಿ ವಿಭಾಗಿಸಿ, ದೇಶ, ಕಾಲ, ಪಾತ್ರಗಳನ್ನರಿತು ಕೊಡುವುದನ್ನು ಸಾತ್ತ್ವಿಕವೆಂದು ಎಣಿಸಿದೆ. ಈ ಮೂರನ್ನು ಅರಿಯುವುದು ಹೇಗೆ? ದ್ರವ್ಯವುಳ್ಳವನು ಸಾಮಾನ್ಯವಾಗಿ ದೂರದಲ್ಲಿರುತ್ತಾನೆ. ದೇಶಕಾಲಗಳನ್ನು ಬಲ್ಲವನು ಕೆಲಸ ನಡೆಯುವ ಊರಿನಲ್ಲಿರುತ್ತಾನೆ. ಇವರಿಬ್ಬರೂ ಒಂದೆಡೆ ಕುಳಿತು ಒಬ್ಬರಿಂದೊಬ್ಬರು ಕಲಿಯದಿದ್ದರೆ, ಹಣವೂ ಶ್ರಮವೂ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆ ವ್ಯರ್ಥವಾಗುವುವು.

ಇದಕ್ಕೆ ಆಫ್ರಿಕಾ ಖಂಡದಲ್ಲಿ ನಡೆದ ಸಂಗತಿಯೊಂದು ಸ್ಪಷ್ಟವಾದ ನಿದರ್ಶನವಾಗಿದೆ. ಅಲ್ಲಿನ ಹಳ್ಳಿಗಳ ನೀರಿನ ಕಷ್ಟವನ್ನು ನೀಗುವುದಕ್ಕಾಗಿ ‘ಪ್ಲೇಪಂಪ್’ ಎಂಬ ಯಂತ್ರವು ಬಳಕೆಗೆ ಬಂದಿತು. ಮಕ್ಕಳು ಕುಳಿತು ಸುತ್ತುವ ಆಟದ ಚಕ್ರಕ್ಕೆ ಪಂಪನ್ನು ಜೋಡಿಸಿದ ಯಂತ್ರವಿದು. ಮಕ್ಕಳು ಆಡಿದಂತೆ ಅಂತರ್ಜಲವು ಎತ್ತರದ ತೊಟ್ಟಿಗೆ ಏರಬೇಕು; ತೊಟ್ಟಿಯ ಪಾರ್ಶ್ವಗಳಲ್ಲಿ ಹಾಕುವ ಜಾಹೀರಾತುಗಳ ಉತ್ಪತ್ತಿಯಿಂದ ದುರಸ್ತಿಯ ವೆಚ್ಚವು ನಡೆಯಬೇಕು. ಕೇಳುವುದಕ್ಕೆ ಎಷ್ಟು ರಮ್ಯವಾದ ಯೋಜನೆ! 2006ರಲ್ಲಿ ಅಮೆರಿಕದ ಸರಕಾರವೂ ಕೇಸ್ ಪ್ರತಿಷ್ಠಾನವೇ ಮೊದಲಾದ ದಾನಸಂಸ್ಥೆಗಳೂ ಕೂಡಿ ಇದಕ್ಕಾಗಿ 1 ಕೋಟಿ 64 ಲಕ್ಷ ಡಾಲರುಗಳ ನೆರವನ್ನು ಘೋಷಿಸಿದವು. 2010ರೊಳಗೆ 4,000 ಯಂತ್ರಗಳನ್ನು ನೆಡಬೇಕೆಂಬುದು ಸಂಕಲ್ಪವಾಗಿತ್ತು.

ಆದರೆ ಮಕ್ಕಳು ಆಡುವುದು ಮನಸ್ಸು ಬಂದಾಗ. ಮನೆಗೆ ನೀರು ಬೇಕಾಗುವುದು ಒಲೆ ಹೊತ್ತಿಸುವಾಗ. ಮಕ್ಕಳಿಲ್ಲದ ವೇಳೆಯಲ್ಲಿ ಹೆಂಗಸರು ಬೆನ್ನು ಬಾಗಿಸಿ ಆ ಚಕ್ರವನ್ನು ತಿರುಗಿಸಬೇಕಾಯಿತು. ಕೆಲವೆಡೆಗಳಲ್ಲಿ ಹಿಂದೆ ಇದ್ದ ಕೈಪಂಪನ್ನು ಕಿತ್ತು ಇದನ್ನು ನಿಲ್ಲಿಸಿದ್ದರು. ಯಂತ್ರವು ಕೆಟ್ಟರೆ ಊರವರಿಂದ ದುರಸ್ತಿಯಾಗದು. ಹಳ್ಳಿಯ ತೊಟ್ಟಿಯ ಮೇಲೆ ಜಾಹೀರಾತು ಹಾಕಿಸುವ ವರ್ತಕರೂ ವಿರಳ. ಒಂದು ಯಂತ್ರದಿಂದ 2,500 ಜನರಿಗೆ ತಲಾ 15 ಲೀಟರು ನೀರು ಒದಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆಗಳ ಕಾಲ ಆಡಬೇಕಾಗುವುದೆಂದು 2009ರಲ್ಲಿ ‘ಗಾರ್ಡಿಯನ್’ ಎಂಬ ಆಂಗ್ಲ ಪತ್ರಿಕೆಯ ಲೇಖನವೊಂದು ಲೆಕ್ಕ ಹಾಕಿ ತೋರಿಸಿತು. ದಿನಕ್ಕೆ ವಿಧಿ ಕೊಟ್ಟಿರುವುದು ಇಪ್ಪತ್ತುನಾಲ್ಕೇ ಗಂಟೆಗಳು!

ಈ ದೋಷಗಳನ್ನು ಕಾಣುವುದಕ್ಕೆ ವಿಶೇಷ ಪಾಂಡಿತ್ಯವು ಬೇಕಾಗಿರಲಿಲ್ಲ. ನೀರು ಹೊರುವ ಯಾವ ಗೃಹಿಣಿಯನ್ನು ಕೇಳಿದ್ದರೂ ಅರೆಗಳಿಗೆಯಲ್ಲಿ ಹೇಳುತ್ತಿದ್ದಳು. ಆದರೂ ಇಲ್ಲಿ ಪ್ರಶಂಸನೀಯವಾದ ಅಂಶವೊಂದುಂಟು. 2010ರಲ್ಲಿ ಕೇಸ್ ಪ್ರತಿಷ್ಠಾನದ ಮುಖ್ಯಸ್ಥೆಯಾದ ಜೀನ್ ಕೇಸ್ ಅವರು, ಎಣಿಸಿದ ಫಲವು ದೊರೆಯಲಿಲ್ಲವೆಂಬುದನ್ನು ಬಹಿರಂಗವಾಗಿ ಬರೆದು ಪ್ರಕಟಿಸಿದರು. ಆಮೇಲೆ ‘ವಾಟರ್ ಫಾರ್ ಪೀಪಲ್’ ಎಂಬ ಸೇವಾಸಂಸ್ಥೆಯ ಮೂಲಕ, ನೀರೆತ್ತುವ ಹಲವು ಸಾಧನಗಳಲ್ಲಿ ಇದೂ ಒಂದೆಂದು ಊರವರ ಮುಂದಿಟ್ಟು, ಆಯ್ಕೆಯನ್ನು ಅವರಿಗೇ ಬಿಡುವ ಮಾರ್ಗವನ್ನು ಹಿಡಿದರು. ಮೊದಲು ಕೇಳಬೇಕಾಗಿದ್ದ ಪ್ರಶ್ನೆಯನ್ನು ಕಡೆಯಲ್ಲಾದರೂ ಕೇಳಿದಂತಾಯಿತು.

ಹಾಗಾದರೆ ಕೆಲಸದಲ್ಲಿ ತೊಡಗಿದವರು ಮೊದಲೇ ಬಾಯಿಬಿಟ್ಟು ಹೇಳುವುದಿಲ್ಲವೇಕೆ? ಇದಕ್ಕೆ ಕಾರಣವು ಭಯ. ಮುಂದಿನ ವರ್ಷದ ಅನ್ನವು ಯಾರ ಕೈಯಲ್ಲಿದೆಯೋ ಅವರ ಮುಂದೆ ‘ನಿಮ್ಮ ಯೋಜನೆಯು ಸಾಗುತ್ತಿಲ್ಲ’ ಎಂದು ನುಡಿಯುವ ಧೈರ್ಯವು ಎಷ್ಟು ಮಂದಿಗೆ ಇದ್ದೀತು? ನಾನು ಉಪಾಧ್ಯಾಯನಾಗಿದ್ದ ಶಾಲೆಯೊಂದಕ್ಕೆ ಉದಾರಿಗಳೊಬ್ಬರು ಗಾಜಿನ ಬೀರುವಿನ ತುಂಬ ಪುಸ್ತಕಗಳನ್ನು ಕೊಟ್ಟರು. ಅವರು ಮತ್ತೆ ಬಂದಾಗ ಪುಸ್ತಕಗಳು ಹೊಸದಾಗಿಯೇ ಕಾಣಬೇಕೆಂದು ಮೇಲಿನವರು ಬೀರುವಿಗೆ ಬೀಗ ಹಾಕಿಸಿದರು. ದಾನಿಗಳು ವರ್ಷಕ್ಕೊಮ್ಮೆ ಬಂದು ನೋಡಿ ಸಂತೋಷಪಟ್ಟರು. ಮಕ್ಕಳು ಪ್ರತಿದಿನವೂ ಗಾಜಿನ ಹೊರಗಿನಿಂದ ನೋಡಿದರು. ಇಲ್ಲಿ ದುಷ್ಟರು ಯಾರೂ ಇರಲಿಲ್ಲ. ಮನಸ್ಸು ಬಿಚ್ಚಿ ಆಡುವ ಎರಡು ಮಾತುಗಳ ಅಭಾವವಿತ್ತು, ಅಷ್ಟೆ.

ದಾನಿಯೇ ಕೆಲಸದ ನೆಲಕ್ಕಿಳಿದರೆ ಅರಿವು ಎಷ್ಟು ಬೇಗ ಮೂಡುವುದೆಂಬುದಕ್ಕೆ ನಮ್ಮ ಬೆಂಗಳೂರಿನಲ್ಲಿಯೇ ದೃಷ್ಟಾಂತವಿದೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಈ ಶತಮಾನದ ಆರಂಭದಲ್ಲಿ ಗಣಕಯಂತ್ರದ ಮೂಲಕ ಕಲಿಯುವ ಪಾಠಗಳನ್ನು ಹಲವು ಭಾಷೆಗಳಲ್ಲಿ ಸಿದ್ಧಪಡಿಸಿ ಸಾವಿರಾರು ಶಾಲೆಗಳಿಗೆ ಒದಗಿಸಿತು. ಕೆಲವು ವರ್ಷಗಳ ಅನುಭವದ ಮೇಲೆ, ಯಂತ್ರವು ಶಿಕ್ಷಣದ ಮೂಲಸಮಸ್ಯೆಯನ್ನು ಬಗೆಹರಿಸದೆಂದು ಕಂಡು, ಉಪಾಧ್ಯಾಯರ ಕಲಿಕೆಯ ಕಡೆಗೆ ಗಮನವನ್ನು ತಿರುಗಿಸಿತು. ಇದನ್ನು ಮುಚ್ಚಿಡದೆ, ಪ್ರತಿಷ್ಠಾನದ ಪ್ರಮುಖರಾದ ಅನುರಾಗ್ ಬೇಹರ್ ಅವರು 2010ರಲ್ಲಿ ಪತ್ರಿಕೆಯಲ್ಲಿಯೇ ಬರೆದರು. ಇಲ್ಲಿ ಕೊಡುವ ಕೈಯೂ ದುಡಿಯುವ ಕೈಯೂ ಒಂದೇ ದೇಹದ್ದಾದುದರಿಂದ ನೋವಿನ ಸುದ್ದಿಯು ತಲೆಗೆ ಬೇಗ ಮುಟ್ಟಿತು. ಎರಡು ಕೈಗಳೂ ಬೇರೆ ಬೇರೆಯವರದಾದಾಗ ಆ ಸುದ್ದಿಯು ಮುಟ್ಟುವುದಕ್ಕೆ ದಾರಿಯನ್ನು ಬುದ್ಧಿಪೂರ್ವಕವಾಗಿ ಮಾಡಬೇಕಾಗುವುದು.

ಈ ವಿಚಾರವು ಇಂದು ನಮ್ಮ ದೇಶಕ್ಕೆ ಬಹು ಮುಖ್ಯವಾದುದು. 2013ರ ಕಂಪೆನಿಗಳ ಕಾಯಿದೆಯ ಪ್ರಕಾರ, 2014ರ ಏಪ್ರಿಲ್ ತಿಂಗಳಿನಿಂದ, ನಿಯಮಿತ ಮಿತಿಯನ್ನು ಮೀರಿದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಲೋಕಹಿತಕ್ಕೆ ವಿನಿಯೋಗಿಸತಕ್ಕದ್ದೆಂದು ವಿಧಿಯಾಗಿದೆ. 2021ರಿಂದ ದೊಡ್ಡ ಯೋಜನೆಗಳ ಪರಿಣಾಮವನ್ನು ಹೊರಗಿನವರಿಂದ ಪರೀಕ್ಷೆ ಮಾಡಿಸುವ ನಿಯಮವೂ ಬಂದಿದೆ. ಪರೀಕ್ಷೆಯು ಬೇಕು, ನಿಜ. ಆದರೆ ಪರೀಕ್ಷೆಯೇ ಪಾಠವಲ್ಲವೆಂಬುದನ್ನು ಶಾಲೆಯಲ್ಲಿ ವಯಸ್ಸು ಕಳೆದವನು ಚೆನ್ನಾಗಿ ಬಲ್ಲನು. ಅಂಕಕ್ಕೆ ಹೆದರಿದ ವಿದ್ಯಾರ್ಥಿಯು ತಿಳಿಯದುದನ್ನು ಕೇಳುವುದಿಲ್ಲ, ಮುಚ್ಚಿಕೊಳ್ಳುತ್ತಾನೆ.

ಆದಕಾರಣ ದಾನಿಗಳೂ ಸೇವಾಸಂಸ್ಥೆಗಳೂ ಪಾಠಕ್ಕೆಂದೇ ಕೂಡುವ ಗೋಷ್ಠಿಗಳು ನಡೆಯಬೇಕು. ಹಾರ ತುರಾಯಿಗಳ ಸಭೆಗಳಿಂದ ಈ ಕಾರ್ಯವು ಸಾಧ್ಯವಿಲ್ಲ. ಮೊದಲನೆಯದಾಗಿ, ಅಲ್ಲಿ ಹೇಳಿದ ಸೋಲಿಗಾಗಿ ಯಾರ ಧನಸಹಾಯವೂ ನಿಲ್ಲದೆಂಬ ಅಭಯವನ್ನು ಮುಂಚಿತವಾಗಿ ಕೊಡಬೇಕು. ಎರಡನೆಯದಾಗಿ, ದಾನಿಯು ತನ್ನ ಕುಂದನ್ನೂ ಕೇಳಿಸಿಕೊಳ್ಳಬೇಕು: ಹತ್ತು ವರ್ಷಗಳ ಕೆಲಸಕ್ಕೆ ಒಂದೇ ವರ್ಷದ ಹಣ, ದಿನಗಟ್ಟಲೆ ತುಂಬಬೇಕಾದ ನಮೂನೆಗಳು, ಕಟ್ಟಡಕ್ಕೆ ಕೊಟ್ಟು ಸಂಬಳಕ್ಕೆ ಕೊಡದಿರುವುದು—ಇವು ಕಾರ್ಯಕರ್ತರನ್ನು ಬಾಧಿಸುವ ಸಂಗತಿಗಳು. ಮೂರನೆಯದಾಗಿ, ಯಾರ ಹಿತಕ್ಕಾಗಿ ಇಷ್ಟೆಲ್ಲ ನಡೆಯುವುದೋ ಅವರಿಗೂ ಅಲ್ಲಿ ಆಸನವಿರಬೇಕು. ನಾಲ್ಕನೆಯದಾಗಿ, ಕಲಿತುದನ್ನು ಬರೆದು ಇತರರಿಗೂ ತಿಳಿಸಬೇಕು. ಕೆನಡಾ ದೇಶದ ‘ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್’ ಎಂಬ ಸಂಘವು 2008ರಲ್ಲಿ ತನ್ನ ಸೋಲುಗಳ ವರದಿಯನ್ನೇ ಪ್ರಕಟಿಸಲು ತೊಡಗಿ ಒಳ್ಳೆಯ ಮೇಲ್ಪಂಕ್ತಿಯನ್ನು ಹಾಕಿತು.

ಇಂಥ ಗೋಷ್ಠಿಗಳಿಂದ ಕಾಲಹರಣವಾಗುವುದಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಕಾರ್ಯಕರ್ತರನ್ನು ದೂರದ ಪಟ್ಟಣಕ್ಕೆ ಕರೆಯಿಸಿ ಉಪನ್ಯಾಸಗಳನ್ನು ಕೇಳಿಸಿದರೆ ಆಗುವುದೇ ಸರಿ. ದಾನಿಯೇ ಕೆಲಸದ ಊರಿಗೆ ಹೋಗಿ, ಜಗಲಿಯ ಮೇಲೆ ಅರ್ಧ ದಿನ ಕುಳಿತರೆ ವೆಚ್ಚವೂ ಕಡಿಮೆ, ಅರಿವೂ ಹೆಚ್ಚು.

ಉಪನಿಷತ್ತಿನ ಪಾಠಾರಂಭದಲ್ಲಿ ಗುರುವೂ ಶಿಷ್ಯನೂ ಒಂದೇ ಪ್ರಾರ್ಥನೆಯನ್ನು ಕೂಡಿ ಮಾಡುವ ಸಂಪ್ರದಾಯವಿದೆ. ಗುರುವು ತನ್ನನ್ನು ಹೊರಗಿಟ್ಟುಕೊಳ್ಳುವುದಿಲ್ಲ. ಕೊಡುವವನೂ ಹೀಗೆಯೇ ತನ್ನನ್ನು ಹೊರಗಿಟ್ಟುಕೊಳ್ಳಬಾರದು. ಕೋಟ್ಯಧೀಶರ ಮಾತು ಹಾಗಿರಲಿ. ಊರಿನ ಶಾಲೆಗೋ ವಿದ್ಯಾರ್ಥಿನಿಲಯಕ್ಕೋ ವರ್ಷಕ್ಕೆ ಸಾವಿರ ರೂಪಾಯಿಗಳನ್ನು ಕೊಡುವ ಗೃಹಸ್ಥರಾದರೂ ಈ ಬಾರಿ ರಸೀದಿಯನ್ನು ಪಡೆದು ಹಿಂದಿರುಗದೆ, ‘ನಾವು ಕೊಟ್ಟದ್ದರಲ್ಲಿ ಯಾವುದು ಉಪಯೋಗವಾಗಲಿಲ್ಲ?’ ಎಂದು ಕೇಳಿ, ಉತ್ತರವನ್ನು ಮುಖ ಸಿಂಡರಿಸದೆ ಆಲಿಸಲಿ. ಮುಂದಿನ ವರ್ಷ ಅದೇ ಸಾವಿರ ರೂಪಾಯಿಗಳು ಇಮ್ಮಡಿ ಫಲವನ್ನು ಕೊಟ್ಟಾವು.